ಗಡಸು ನೀರು

ಡೆನಿಜ್ಲಿಯ ನೀರಿಗೆ
ಕೆಟಲಿನೊಳಗೂ ಹಲ್ಲು ಮೂಡುತ್ತದೆ.
ಮೊದಲ ವಾರ ಬಟ್ಟಲಲ್ಲಿ ಬ್ರಷ್ಷು ತಿರುವಿದ್ದೇ ತಿರುವಿದ್ದು;
ಎದ್ದದ್ದು ನೊರೆಯಲ್ಲ, ಬೂದುಬಣ್ಣದ ಗಸಿ,
ಕೆನ್ನೆ ಮುಟ್ಟುವ ಮೊದಲೇ ಸತ್ತಿತು.

ನೆವ್ಜಾತ್ ಉಸ್ತಾದರು ಬೈಯಲಿಲ್ಲ.
"ಬ್ರಷ್ಷು ಹಿಂಡು, ಓಕ್ತಾಯ್. ಇನ್ನೂ ಹಿಂಡು.
ಸೋಪಿಗೆ ಜಿಪುಣನಾಗಬೇಡ.
ಮೊದಲ ಪಾಲು ಸುಣ್ಣ ತಿನ್ನಲಿ,
ಅದರ ಹಸಿವು ತೀರಿದ ಮೇಲೆ ಉಳಿದದ್ದು ನಮ್ಮದು.
ಆಮೇಲೆ ನೀರು, ಹನಿ ಹನಿ,
ಕಣ್ಣಿಗೆ ಮದ್ದು ಬಿಟ್ಟ ಹಾಗೆ."

ಅಂದು ಕುರ್ಚಿಯಲ್ಲಿ ಸಾಬಿತ್ ಅಜ್ಜ,
ನಲವತ್ತು ವರ್ಷ ಗಣಿಯಲ್ಲಿ ಬಿಳಿಗಲ್ಲು ಕೊಯ್ದವನು.
ಕಿವಿಯ ಮಡಿಕೆಯಲ್ಲಿ ಇನ್ನೂ ಪುಡಿ ಇದೆಯೆಂದು ನನ್ನ ಗುಮಾನಿ.
"ನಾನು ಬಿಟ್ಟರೂ ಅದು ಬಿಡದು ನೋಡು,
ನಲ್ಲಿಯಲ್ಲಿ ಬಂದು ನನ್ನ ಮುಖ ತೊಳೆಯುತ್ತದೆ!"
ಅಲುಗಬೇಡಿ, ಎಂದೆ.

ತಿರುವಿದೆ. ಎಣಿಸಲಿಲ್ಲ.
ಬಟ್ಟಲ ಸದ್ದು ಬದಲಾಯಿತು: ಚರಚರ ಹೋಗಿ
ಗಟ್ಟಿ ಮೊಸರು ಕಲಸುವ ಸದ್ದು.
ಬ್ರಷ್ಷೆತ್ತಿದರೆ ನೊರೆ
ಕೊಕ್ಕಿನಂತೆ ಬಾಗಿ ನಿಂತಿತು,
ಬೀಳಲಿಲ್ಲ.

ಅಜ್ಜನ ಗಲ್ಲದ ಗುಳಿ ಮುಚ್ಚಿತು, ಮಚ್ಚೆ ಮುಚ್ಚಿತು,
ಮಾತೂ ಮುಚ್ಚಿತು.

ಕನ್ನಡಿಯಲ್ಲಿ ಉಸ್ತಾದರು
ಕತ್ತಿ ಮಸೆಯುವುದನ್ನು ನಿಲ್ಲಿಸಿ ನೋಡಿದರು.
ಮೆಚ್ಚಿದೆ ಎನ್ನಲಿಲ್ಲ.
ಹಿಡಿ ನನ್ನ ಕಡೆ ಮಾಡಿ
ಕತ್ತಿ ಚಾಚಿದರು.