ಷರಾ

ಪೀಣ್ಯ ಎರಡನೇ ಹಂತ. ಮಾರ್ಚ್ ಇಪ್ಪತ್ತಾರು.
ಪಾಲಿಸಿ ಮುಗಿಯಲು ಇನ್ನೈದು ದಿನ.
ಹೋದ ವರ್ಷದ ಹಾಳೆಯಲ್ಲಿ ಇಪ್ಪತ್ಮೂರು ಹೆಸರು,
ಎದುರಿಗೆ ಮೇಲಿಂದ ಕೆಳತನಕ ಒಂದೇ ಮಾತು:
ಪ್ರೆಸ್ ಆಪರೇಟರ್.
ಲೆಕ್ಕ ಬರೆಯುವ ನನ್ನ ಹೆಸರಿನ ಎದುರಿಗೂ.

"ಎಲ್ಲರಿಗೂ ಅಪಾಯದ ದರ ಕಟ್ಟಿದ್ದೀರಲ್ಲ ಮೇಡಂ!"
ಕಾಫಿಯ ನೊರೆ ಊದುತ್ತ ಏಜೆಂಟ್ ಫೆಲಿಕ್ಸ್ ನಕ್ಕ.
"ಯಾರು ಏನು ಮಾಡ್ತಾರೆ, ಹೋಗಿ ನೋಡಿ ಬರೀರಿ."

ಹೋದೆ. ಹನ್ನೊಂದು ವರ್ಷದಲ್ಲಿ
ಹಳದಿ ಗೆರೆ ದಾಟಿದ್ದು ಅದೇ ಮೊದಲು.

ದಾಕ್ಷಾಯಿಣಿ ವಾಷರ್ ಎಣಿಸಿ ಪೊಟ್ಟಣ ಕಟ್ಟುತ್ತಾಳೆ,
ಸಾವಿರಕ್ಕೊಂದು ಹುಣಸೆಬೀಜ ಎತ್ತಿಡುತ್ತ.
ಪ್ಯಾಕಿಂಗ್ ಎಂದು ಬರೆದುಕೊಂಡೆ.
ಹುಣಸೆಬೀಜಕ್ಕೆ ಕಾಲಂ ಇರಲಿಲ್ಲ.
ಬೋರಲಿಂಗಯ್ಯ: ಟೆಂಪೊ, ಹೊಸೂರಿಗೆ ದಿನಾ ಎರಡು ಸಲ.
ಅನ್ವರ್ ಪಾಷ ಕಿಟಕಿಯ ಬೆಳಕಿಗೆ ಹಿಡಿದು
ಅಂಚು ನೋಡುತ್ತಾನೆ, ಅಷ್ಟೇ.
ಒಬ್ಬೊಬ್ಬರೂ ಅಗ್ಗವಾಗುತ್ತ ಬಂದರು.

ಎಡಗೈಯ ಎರಡು ಬೆರಳಿಲ್ಲದ ಸೆಲ್ವರಾಜು
ಈಗ ಗೇಟಿನ ಪುಸ್ತಕ ಬರೆಯುತ್ತಾನೆ.
ಕಾವಲು, ಎಂದೆ. ದರ ಇಳಿಯಿತು.
ಬೆರಳಿದ್ದಾಗ ಏನೆಂದು ಬರೆದಿದ್ದರು?
ಹಳೆಯ ಕಡತ ಕೊಡವಿದೆ:
ಹೆಲ್ಪರ್, ಹೊರಗಿನ ಕೆಲಸ.
ಅದರ ಕೆಳಗೆ ಪಿನ್ನು ಚುಚ್ಚಿದ ಕಂಪನಿಯ ಕಾಗದ,
ಎರಡೇ ಸಾಲು, ವಿಷಾದಿಸುತ್ತೇವೆ ಎಂದು.
ಆಮೇಲೆಯೇ ಶೇಟರು ಬೆದರಿದ್ದು,
ಗುಮಾಸ್ತೆಯಿಂದ ಹಿಡಿದು ಎಲ್ಲರನ್ನೂ
ಪ್ರೆಸ್ಸಿನ ಬಾಯಿಗೆ ಸಾಲಾಗಿ ನಿಲ್ಲಿಸಿದ್ದು.

ಕೊನೆಯವನು ಟೀ ತರುವ ಮಾದೇಶ.
"ಟೀ ಅಂತಲೇ ಬರ್ಕೊಳಿ ಅಕ್ಕ, ಕಮ್ಮಿ ಬೀಳುತ್ತಲ್ವಾ?"
ಅಷ್ಟರಲ್ಲಿ ಐದಾಯಿತು. ಫ್ಲಾಸ್ಕು ಕೆಳಗಿಟ್ಟು
ಬ್ರಷ್ ಹಿಡಿದ. ಭುಜದವರೆಗೂ ಕೈ
ಡೈಯ ಒಳಗೆ ಹೋಯಿತು, ಚೂರು ಬಳಿಯಲು.
ಮೇಲೆ ನಲವತ್ತು ಟನ್ ಸುಮ್ಮನೆ ನಿಂತಿತ್ತು.

ಉಳಿಕೆ ನಲವತ್ತೊಂದು ಸಾವಿರ ಆಗಬೇಕಿತ್ತು,
ಮೂವತ್ತೆಂಟಾಯಿತು.
"ಟೀ ಹುಡುಗ ಪ್ರೆಸ್ ಆಪರೇಟರೇನಮ್ಮ?"
ಶೇಟರು ಕನ್ನಡಕ ತೆಗೆದರು.
"ಐದು ಗಂಟೆ ಮೇಲೆ, ಹೌದು ಸರ್."
ಅವರು ನನ್ನನ್ನು ನೋಡಲಿಲ್ಲ.
ಕಿಟಕಿಯಾಚೆ ಗೇಟು ನೋಡಿದರು,
ಪೆನ್ನಿನ ಮುಚ್ಚಳ ಎರಡು ಸಲ ಹಾಕಿ ತೆಗೆದು
ಸಹಿ ಮಾಡಿದರು.

ಹೊರಡುವಾಗ ಸೆಲ್ವರಾಜು
ಮೂರು ಬೆರಳಲ್ಲಿ ಪುಟ ಒತ್ತಿ ಹಿಡಿದು
ನನ್ನ ಹೊತ್ತು ಬರೆದ: ಆರು ಹತ್ತು.
ಷರಾ ಖಾಲಿ ಬಿಟ್ಟ.