ನೀಲಿ ಹಾಲಿನ ಮರ

ತೊಗಟೆಗೆ ಉಗುರು ತಾಗಿದರೆ ಸಾಕು
ಹಾಲು ಜಿನುಗುತ್ತದೆ. ಬಿಳಿಯಲ್ಲ, ನೀಲಿ;
ಆಕಾಶದ್ದಲ್ಲ, ಮೈಲುತುತ್ತದ ನೀಲಿ.
ನ್ಯೂ ಕ್ಯಾಲೆಡೋನಿಯಾದ ನಮ್ಮ ಕೆಂಪು ಬೆಟ್ಟದಲ್ಲಿ
ಬೇರೆ ಗಿಡಗಳು ವಿಷವೆಂದು ಮುಖ ತಿರುವುವ ನಿಕ್ಕಲ್ಲನ್ನು
ಇದು ಬೇರಿನಿಂದ ಹೀರಿ ಮೈಯೊಳಗೆ ಮುಚ್ಚಿಟ್ಟುಕೊಂಡಿದೆ,
ತವರಿನ ಗುಟ್ಟಿನ ಹಾಗೆ.

ನಾನು ಎಡ್ವಿಜ್. ಗಣಿ ಕಂಪನಿಯ ಸಸಿಮಡಿಯಲ್ಲಿ ಕೆಲಸ.
ಅಗೆಯುವ ಮೊದಲು ಬೀಜ ಆಯುವವಳು,
ಅಗೆದಾದ ಮೇಲೆ ಸಸಿ ನೆಡುವವಳು.
ನಡುವಿನದು ನನ್ನ ತಮ್ಮನದು:
ಪೊಯಿಂದಿ ಲಾರಿ ಓಡಿಸುತ್ತಾನೆ,
ಒಂದು ಟ್ರಿಪ್ಪಿಗೆ ಐವತ್ತು ಟನ್ ಬೆಟ್ಟ.
ಸಂಜೆ ಒಂದೇ ಬೋಗುಣಿಯಲ್ಲಿ ಕೈ ತೊಳೆಯುತ್ತೇವೆ,
ಇಬ್ಬರ ಕೆಂಪೂ ಒಂದೇ ಬಚ್ಚಲಿಗೆ.

ಕಂಪನಿಯವರು ಬಂದ ದಿನ ಮರ್ಯಾದೆಗೇನೂ ಕಮ್ಮಿಯಿರಲಿಲ್ಲ.
ಪದ್ಧತಿಯಂತೆ ಚಾಪೆಯ ಮೇಲಿಟ್ಟರು
ಹೂ ಅಚ್ಚಿನ ಬಟ್ಟೆ, ತಂಬಾಕಿನ ಪೊಟ್ಟಣ, ಸಾವಿರದ ನೋಟು.
ಬಟ್ಟೆ ಮುಟ್ಟಿದರೆ ಮಾತು ಒಪ್ಪಿದಂತೆ.
ಎಲ್ಲರೂ ಸೋದರಮಾವನ ಕಡೆ ನೋಡಿದರು.
ಹುಟ್ಟಿದ ಕೂಸಿನ ಕಿವಿಯಲ್ಲಿ ಉಸಿರು ಊದುವವನು ಅವನೇ,
ನನ್ನ ಕಿವಿಯಲ್ಲೂ, ಪೊಯಿಂದಿಯ ಕಿವಿಯಲ್ಲೂ.

ಎಂಜಿನಿಯರ್ ಹೇಳಿದ: ಇದರಿಂದ ಬ್ಯಾಟರಿ,
ಬ್ಯಾಟರಿಯಿಂದ ಹೊಗೆಯಿಲ್ಲದ ಕಾರು,
ಹೊಗೆಯಿಲ್ಲದಿದ್ದರೆ ಕಡಲು ಏರುವುದಿಲ್ಲ,
ನಿಮ್ಮ ಗೆಣಸಿನ ದಿಣ್ಣೆಗಳು ಉಳಿಯುತ್ತವೆ.
ಸುಳ್ಳಲ್ಲ. ಹೋದ ಚಂಡಮಾರುತದಲ್ಲಿ ಉಪ್ಪುನೀರು
ಅಜ್ಜಿಯ ಗೋರಿಯ ಕಲ್ಲು ನೆಕ್ಕಿ ಹೋಗಿತ್ತು.

ಮಾವ ಕೇಳಿದ, "ಈ ಮರ ಹೂ ಬಿಡಲು ಎಷ್ಟು ವರ್ಷ?"
ಎಂಜಿನಿಯರ್ ಫೈಲು ತಿರುವಿದ. ಆಮೇಲೆ ನನ್ನತ್ತ ತಿರುಗಿದ.
"ನಲವತ್ತು," ಎಂದೆ.
"ನಿಮ್ಮ ಗುತ್ತಿಗೆ?"
"ಇಪ್ಪತ್ತೈದು."
ಮಾವ ನಕ್ಕ. ಬಟ್ಟೆ ಇಟ್ಟಲ್ಲೇ ಇತ್ತು.

ಮರುದಿನ ಪಕ್ಕದ ಕುಲದವರು ಮುಟ್ಟಿದರು.
ಅವರ ಕಣಿವೆಯಲ್ಲಿ ಆಸ್ಪತ್ರೆಯಿಲ್ಲ,
ಬೈಯಲು ನನಗೆ ಬಾಯಿಲ್ಲ.

ಕಾಗೂ ಹಕ್ಕಿ ಹಾರಲಾರದು; ನಸುಕಿನಲ್ಲಿ
ನಾಯಿಮರಿಯ ಹಾಗೆ ಬೊಗಳುತ್ತದೆ.
ಈಗ ಬೊಗಳುವುದು ಹೊಳೆಯ ಆಚೆ ದಡದಿಂದ ಮಾತ್ರ.
ಮಳೆ ಬಂದರೆ ಹೊಳೆ ಕೆಂಪು, ಹವಳದ ದಿಬ್ಬದವರೆಗೂ ಕೆಂಪು,
ಬಲೆ ಒದರಿ ಸುಮ್ಮನೆ ಮನೆಗೆ ಬರುತ್ತಾರೆ.
ಮಡಿಯಲ್ಲಿ ನನ್ನ ನಾನೂರ ಹನ್ನೆರಡು ಸಸಿ,
ಆರು ವರ್ಷಕ್ಕೆ ಒಂದು ಗೇಣು.
ತಿಂಗಳ ವರದಿಯಲ್ಲಿ ಬರೆಯುತ್ತೇನೆ:
ಪುನಶ್ಚೇತನ ಪ್ರಗತಿಯಲ್ಲಿದೆ.

ಒಮ್ಮೆ ರಾತ್ರಿಪಾಳಿ ಮುಗಿಸಿ ಪೊಯಿಂದಿ ಬರಿಮೈಯಲ್ಲಿ ಬಂದ.
ಕಳಚಿದ ಅಂಗಿಯೊಳಗೆ ಏನೋ ಸುತ್ತಿತ್ತು:
ಬುಲ್ಡೋಜರಿನ ಬಾಯಿಂದ ಕಸಿದು ತಂದ ಎಳೆಯ ಮರ,
ಅರ್ಧ ಬೇರು ಅಲ್ಲೇ ಉಳಿದಿತ್ತು.
"ಬದುಕುತ್ತಾ ಅಕ್ಕ?"
ಬದುಕಲಿಲ್ಲ. ಅಂಗಿಯ ಕಲೆ ಬದುಕಿದೆ,
ಎಷ್ಟು ಸಾಬೂನು ತಿಕ್ಕಿದರೂ ನೀಲಿ.

ಮಾವ ತೀರಿಕೊಂಡ ವರ್ಷವೇ ನನಗೆ ಮಗಳು.
ಈಗ ಸೋದರಮಾವ ಎಂದರೆ ಪೊಯಿಂದಿ.
ಪಾಳಿಯಿಂದ ನೇರ ಬಂದ, ಮೀಸೆಯ ಮೇಲೆ ಬೆಟ್ಟ ಹೊತ್ತು.
ಕೂಸಿನ ಕಿವಿಯ ತನಕ ಬಾಗಿದವನು
ಹಾಗೇ ನಿಂತ.
ಹೊರಗೆ ಹೋಗಿ ಬಾಯಿ ಮುಕ್ಕಳಿಸಿದ. ಇನ್ನೊಮ್ಮೆ. ಮತ್ತೊಮ್ಮೆ.
ಉಗಿದ ನೀರನ್ನು ಬಗ್ಗಿ ನೋಡಿದ.
"ಹೋಯಿತಾ ಕೆಂಪು?"
ಹೋಗಿರಲಿಲ್ಲ.
"ಹೋಯಿತು," ಎಂದೆ. "ಊದು."