ಖಾಲಿ ತೂಕ

ಮಾಚೇನಹಳ್ಳಿಯ ವೇಬ್ರಿಡ್ಜಿನಲ್ಲಿ
ಹದಿನಾರು ವರ್ಷದಿಂದ ಕೂತು
ಊರ ಭಾರವನ್ನೆಲ್ಲ ಚೀಟಿಗಿಳಿಸಿದವಳು ನಾನು.
ಜಲ್ಲಿ, ಸಿಮೆಂಟು, ಗುಜರಿ ಕಬ್ಬಿಣ, ಮೆಕ್ಕೆಜೋಳ.
ತುಂಬಿ ಬಂದಾಗೊಮ್ಮೆ, ಇಳಿಸಿ ಬಂದಾಗೊಮ್ಮೆ;
ಕಳೆದರೆ ಉಳಿದದ್ದು ಮಾಲು.
ಸುಗುಣಕ್ಕನ ಲೆಕ್ಕ ತಪ್ಪಿದ್ದಿಲ್ಲ
ಅಂತ ದಸ್ತಗೀರ್ ಸಾಬರೂ ಹೇಳುತ್ತಾರೆ,
ಅವರ ಲಾರಿಯನ್ನೇ ಎರಡು ಸಲ ತಿರುಗಿ ಹತ್ತಿಸಿದ್ದೇನೆ.

ಮೊನ್ನೆ ದುರ್ಗಿಗುಡಿಯ ಡಾಕ್ಟರು ಕೇಳಿದರು:
"ದಿನಕ್ಕೆ ಏನೇನು ತಿಂತೀರಿ?"
"ಏನೂ ಇಲ್ಲ ಸಾರ್, ಎರಡು ಹೊತ್ತು ಊಟ."
ಅವರು ನಗಲಿಲ್ಲ. ಎಂಬತ್ಮೂರೂವರೆ ಎಂದು ಬರೆದು
ಅಡಿಗೊಂದು ಗೀಟು ಎಳೆದರು.
"ಬಿಡೋದು ಆಮೇಲೆ. ಮೊದಲು ಒಂದು ವಾರ ಬರೀರಿ,
ಬಾಯಿಗೆ ಹೋಗಿದ್ದನ್ನೆಲ್ಲ."

ಚೀಟಿ ಪುಸ್ತಕದ ಹಿಂಬದಿಯಲ್ಲೇ ಶುರು ಮಾಡಿದೆ,
ಕಾರ್ಬನ್ ತೆಗೆದು. ಇದಕ್ಕೆ ನಕಲು ಬೇಡ.
ಮಗಳು ಚಂಪಾ ಮೊಬೈಲಿಗೊಂದು ಆ್ಯಪ್ ಹಾಕಿಕೊಟ್ಟಳು.
ಅದಕ್ಕೆ ಪಿಜ್ಜಾ ಗೊತ್ತು, ಹದಿನೇಳು ಥರದ್ದು.
ಕೊಟ್ಟೆ ಕಡುಬು ಅಂದರೆ ಕಣ್ಣು ಕಣ್ಣು ಬಿಟ್ಟಿತು.
ಹೊಸದಾಗಿ ತಂದ ಪುಟ್ಟ ತಕ್ಕಡಿಯ ಮೇಲಿಟ್ಟೆ,
ಹಲಸಿನೆಲೆಯ ತೂಕ ಕಳೆದೆ.
ಅಭ್ಯಾಸಬಲ.

ಕಜ್ಜಾಯ ಕಳಿಸಿದ ತೀರ್ಥಹಳ್ಳಿಯ ಚಿಕ್ಕಮ್ಮನಿಗೆ ಫೋನು:
ಬೆಲ್ಲ ಎಷ್ಟು ಹಾಕಿದ್ದೆ?
"ಕಣ್ಣಳತೆ ಕಣೇ."
ಎಣ್ಣೆ?
"ಕೈಯಳತೆ."
ಒಂದು ಕೈ ಅಂದರೆ ಎಷ್ಟು ಕ್ಯಾಲೊರಿ ಚಿಕ್ಕಮ್ಮ?
ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ,
"ಉಣ್ಣೋರ ತುತ್ತು ಎಣಿಸಬಾರದು, ದೃಷ್ಟಿಯಾಗುತ್ತೆ."
ಉಣ್ಣುವವಳೂ ಎಣಿಸುವವಳೂ ಒಬ್ಬಳೇ ಆದರೆ
ಯಾರಿಗೆ ಯಾರು ನಿವಾಳಿಸುವುದು?

ಮೊದಲ ದಿನದ ಮೊತ್ತ ಸಾವಿರದ ಮುನ್ನೂರು.
ಡಾಕ್ಟರೇ ತಪ್ಪು ಅಂತ ಬೀಗಿದೆ.
ತುಂಬಿದ ತೂಕಕ್ಕೆ ಕ್ಲೀನರು ಇಳಿದು ನಿಂತು
ಖಾಲಿ ತೂಕಕ್ಕೆ ಹತ್ತಿ ಕೂತರೆ
ಮಾಲು ಕಮ್ಮಿ ಬರುತ್ತದೆ; ಈ ಆಟ ನಾನು ಬಲ್ಲೆ.
ನನ್ನಲ್ಲಿ ಇಳಿದು ನಿಂತವನು ಯಾರು?

ಮೂರನೇ ದಿನ ಸಿಕ್ಕಿಬಿದ್ದ.
ಕೂತು ತಿಂದದ್ದನ್ನಷ್ಟೇ ಬರೆದಿದ್ದೆ.
ನಿಂತು ತಿಂದದ್ದು?
ಚಂಪಾಳ ಡಬ್ಬಿಯಲ್ಲಿ ವಾಪಸು ಬಂದ ಅರ್ಧ ಚಿತ್ರಾನ್ನ,
ಹಾಳಾಗುತ್ತಲ್ಲ ಅಂತ.
ಉಪ್ಪು ನೋಡಲು ನೆಕ್ಕಿದ ಸೌಟು, ಸಾಲದೆಂದು ಮತ್ತೊಮ್ಮೆ.
ಇವರು ಬೇಡವೆಂದು ಸರಿಸಿದ ಕೊನೆಯ ರೊಟ್ಟಿ, ಬೆಣ್ಣೆ ಸಮೇತ.
ತೊಳೆಯುವ ಮುಂಚೆ ಕೆರೆದ ಪಾತ್ರೆಯ ತಳ
(ತಳದ್ದೇ ರುಚಿ, ಅದು ಬೇರೆ ಮಾತು).
ಡ್ರೈವರುಗಳು ಕಾಗದದಲ್ಲಿ ಚಾಚಿದ ಖಾರಾ ಮಂಡಕ್ಕಿ.
ಐದು ಲೋಟ ಚಹಾ, ಲೋಟಕ್ಕೆರಡು ಚಮಚ.
ಚಹಾವನ್ನು ಯಾರಾದರೂ ತಿಂದೆ ಅನ್ನುತ್ತಾರೆಯೇ?

ಬರೆದೆ, ಒಂದೊಂದನ್ನೂ.
ಎರಡು ಸಾವಿರದ ನಾನೂರು.
ನಾಚಿಕೆಯಾಗಬೇಕಿತ್ತು, ಆಗಲಿಲ್ಲ.
ನನ್ನ ಅರ್ಧ ಊಟ ನಡೆದದ್ದು
ಒಲೆಯ ಪಕ್ಕ, ಸಿಂಕಿನ ಪಕ್ಕ, ತಟ್ಟೆಯಿಲ್ಲದೆ.
ಯಾರೂ ಬಡಿಸದ್ದು ಊಟವೆಂದೇ ತಿಳಿಯದೆ
ಹೊಟ್ಟೆ ಮತ್ತೆ ಹಸಿದಿತ್ತು.

ಈಗ ಏನೇ ಆಗಲಿ, ತಟ್ಟೆಗೆ ಹಾಕುವುದು, ಕೂರುವುದು.
ತಂಗಳು ಚಿತ್ರಾನ್ನಕ್ಕೂ ತಟ್ಟೆ.
"ಯಾರಿಗಮ್ಮ ಇದು?" ಅಂದಳು ಚಂಪಾ.
ನನಗೇ, ಅಂದೆ.
ನಾಲ್ಕು ತುತ್ತಿಗೇ ಸಾಕೆನಿಸಿತು.
ಚಹಾಕ್ಕೆ ಒಂದೇ ಚಮಚ;
ಇನ್ನೊಂದನ್ನು ನಾಲಿಗೆ ಇನ್ನೂ ಹುಡುಕುತ್ತಿದೆ.

ನಿನ್ನೆ ರಾತ್ರಿ ಪಾಳಿ. ಮೂರು ವಾರ ಕಳೆದಿತ್ತು.
ಲಾರಿಯಿಲ್ಲದ ಹೊತ್ತು ನೋಡಿ
ಚಪ್ಪಲಿ ಬಿಟ್ಟು ವೇಬ್ರಿಡ್ಜಿನ ನಡುವೆ ಹೋಗಿ ನಿಂತೆ.
ಕೆಂಪು ಅಂಕಿ: ಎಂಬತ್ತು.
ಮನೆಯ ತಕ್ಕಡಿಯಲ್ಲಿ ಎಂಬತ್ತೆರಡು ಚಿಲ್ಲರೆ.
ಅರವತ್ತು ಟನ್ ಹೊರುವ ಇದು
ಇಪ್ಪತ್ತು ಕಿಲೋಗಿಂತ ಸಣ್ಣದನ್ನು ಲೆಕ್ಕಕ್ಕೇ ಹಿಡಿಯದು.
ನಾನು ಇಳಿಸಿದ ಒಂದೂಕಾಲು ಕಿಲೋ
ಇದರ ಕಣ್ಣಿಗೆ ಬೀಳುವುದೇ ಇಲ್ಲ.

ಹೆಡ್‌ಲೈಟು ಬಿತ್ತು. ದಸ್ತಗೀರ್ ಸಾಬರದ್ದು, ತುಂಬಿದ ಲಾರಿ.
ಇಳಿದು ಬಂದು ಚೀಟಿ ಬರೆದೆ.
ಅವರು ಮಂಡಕ್ಕಿ ಪೊಟ್ಟಣ ಬಿಚ್ಚಿದರು.
ತಟ್ಟೆ ಹುಡುಕಿದೆ, ಸಿಗಲಿಲ್ಲ.
ಪುಸ್ತಕದ ರಟ್ಟನ್ನೇ ಮುಂದೆ ಹಿಡಿದು
ಒಂದು ಹಿಡಿ ಸಾಕು, ಅಂದೆ.
"ನಿಮ್ಮ ಹಿಡಿಯೋ ಅಕ್ಕಾ, ನಮ್ಮ ಹಿಡಿಯೋ?"